ಹದಿಮೂರು ಹಾಡು, ಮೂರೂವರೆ ಲಕ್ಷ ಪ್ರತಿ, ಅವಸರದ ವಿಮರ್ಶೆ

ಒಂದು ಬ್ಯಾಂಡಿನ ಮೊದಲ ಆಲ್ಬಂ ಕುರಿತು ಬರೆಯಲು ಕೂತವರು ಬಹಳ ಸಲ ಆಲ್ಬಂ ಒಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆಯೂ ಬರೆಯುತ್ತಾರೆ. ಹುಡುಗರ ವಯಸ್ಸೆಷ್ಟು, ಊರು ಯಾವುದು, ಗಿಟಾರು ಕೊಡಿಸಿದವರು ಯಾರು, ಯಾವ ಕಂಪನಿ ಬರೆಸಿಕೊಂಡಿತು, ಮೊದಲ ವಾರದಲ್ಲಿ ಎಷ್ಟು ಪ್ರತಿ ಹೋದವು ಎಂಬುದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಂಕಣದ ಜಾಗವೂ ಮುಗಿದಿರುತ್ತದೆ. ಹಾಡುಗಳ ಪಾಲಿಗೆ ಉಳಿಯುವುದು ಕೊನೆಯ ನಾಲ್ಕು ಸಾಲು ಮತ್ತು ಹತ್ತಕ್ಕೆ ಇಂತಿಷ್ಟು ಎಂಬ ಅಂಕ. ಇಂಥ ಬರವಣಿಗೆಯ ರಾಶಿಯಡಿ ಹೂತುಹೋದ ಆಲ್ಬಂಗಳಲ್ಲಿ ನನಗೆ ಬಹಳ ಹತ್ತಿರದ್ದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಆರ್ಕ್‌ಟಿಕ್ ಮಂಕೀಸ್ ಎಂಬ ಇಂಡಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ, ರಾಕ್ ಬ್ಯಾಂಡಿನ ಮೊದಲ ಆಲ್ಬಂ. ‘ವಾಟೆವರ್ ಪೀಪಲ್ ಸೇ ಐ ಆ್ಯಮ್, ದಟ್ಸ್ ವಾಟ್ ಐ ಆ್ಯಮ್ ನಾಟ್’ ಎಂಬ ಅದರ ಮಾರುದ್ದದ ಹೆಸರು, ಜನ ನನ್ನನ್ನು ಏನೆನ್ನುತ್ತಾರೋ ಅದು ನಾನಲ್ಲ ಎಂದು ವಿಮರ್ಶಕರಿಗೆ ಹೊಸ್ತಿಲಲ್ಲೇ ಹೇಳಿಬಿಡುತ್ತದೆ. ನಾಟಿಂಗ್‌ಹ್ಯಾಮಿನ ಸೈಕಲ್ ಕಾರ್ಖಾನೆಯ ಕಾರ್ಮಿಕನೊಬ್ಬನನ್ನು ಕುರಿತು ಅಲನ್ ಸಿಲಿಟೋ 1958ರಲ್ಲಿ ಬರೆದ ಕಾದಂಬರಿಯಿಂದ ಎತ್ತಿಕೊಂಡ ಮಾತು ಅದು. ಹೆಸರನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಂತಿಲ್ಲ. ಆಲ್ಬಂ ಬಂದ ದಿನದಿಂದಲೇ ಈ ಹುಡುಗರು ಏನೆಂದು ಹೇಳುವ ಪೈಪೋಟಿ ಶುರುವಾಯಿತು.

ಪೈಪೋಟಿಗೆ ಕಾರಣವೂ ಇತ್ತು ಅನ್ನಿ. 2006ರ ಜನವರಿ 30ಕ್ಕೆ ಗೊತ್ತಾಗಿದ್ದ ಬಿಡುಗಡೆಯನ್ನು ಒಂದು ವಾರ ಮುಂಚಿತವಾಗಿ, ಅಂದರೆ 23ಕ್ಕೇ ಮಾಡಬೇಕಾಯಿತು. ಮೊದಲ ವಾರದಲ್ಲಿ ಬ್ರಿಟನ್ನಿನಲ್ಲಿ 3,63,735 ಪ್ರತಿಗಳು ಮಾರಾಟವಾದವು. ಅಲ್ಲಿಯವರೆಗೆ ಮೊದಲ ಆಲ್ಬಂಗಳ ದಾಖಲೆಯಿದ್ದದ್ದು ಟಿ.ವಿ. ಸ್ಪರ್ಧೆಯೊಂದು ಆರಿಸಿ ಜೋಡಿಸಿದ ಹಿಯರ್‌ಸೇ ಎಂಬ ಪಾಪ್ ತಂಡದ ಹೆಸರಿನಲ್ಲಿ. ಮರುವರ್ಷ ಇನ್ನೊಂದು ಟಿ.ವಿ. ಸ್ಪರ್ಧೆಯಿಂದ ಬಂದ ಲಿಯೋನಾ ಲೂಯಿಸ್ ಆ ಸಂಖ್ಯೆಯನ್ನು ದಾಟಿದರು. ಎರಡು ಟಿ.ವಿ. ತಾರೆಗಳ ನಡುವೆ, 1993ರಲ್ಲಿ ಶುರುವಾದ ಡಾಮಿನೋ ಎಂಬ ಸ್ವತಂತ್ರ ಕಂಪನಿಯ ಮೂಲಕ, ಇಪ್ಪತ್ತರ ಆಸುಪಾಸಿನ ನಾಲ್ವರು ಹುಡುಗರು ಇಷ್ಟು ದೊಡ್ಡ ಅಂಕಿಯನ್ನು ಮುಟ್ಟಿದ್ದು ಸುದ್ದಿಯಾಗದೆ ಇನ್ನೇನಾಗುತ್ತದೆ? ಹಾಡುಗಾರ ಅಲೆಕ್ಸ್ ಟರ್ನರ್‌ಗೆ ಆ ತಿಂಗಳಷ್ಟೇ ಇಪ್ಪತ್ತು ತುಂಬಿತ್ತು. ಗಿಟಾರಿನ ಜೇಮಿ ಕುಕ್, ಬೇಸ್ ಗಿಟಾರಿನ ಆಂಡಿ ನಿಕಲ್ಸನ್, ಡ್ರಮ್ಸಿನ ಮ್ಯಾಟ್ ಹೆಲ್ಡರ್ಸ್ ಉಳಿದ ಮೂವರು.

ಎನ್‌ಎಂಇ ಎಂಬ ಲಂಡನ್ನಿನ ಸಂಗೀತ ವಾರಪತ್ರಿಕೆ ಆಲ್ಬಂಗೆ ಹತ್ತಕ್ಕೆ ಹತ್ತು ಕೊಟ್ಟಿತು. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆಲ್ಬಂ ಅಂಗಡಿಗೆ ಬರುವ ಹೊತ್ತಿಗೇ ಪತ್ರಿಕೆಯು ಬ್ರಿಟನ್ನಿನ ಸಾರ್ವಕಾಲಿಕ ಶ್ರೇಷ್ಠ ನೂರು ಆಲ್ಬಂಗಳ ಪಟ್ಟಿಯೊಂದನ್ನು ಪ್ರಕಟಿಸಿ, ಅದರಲ್ಲಿ ಇದಕ್ಕೆ ಐದನೆಯ ಸ್ಥಾನ ಕೊಟ್ಟಿತು. ಮೇಲಿದ್ದವರು ಸ್ಟೋನ್ ರೋಸಸ್, ಸ್ಮಿತ್ಸ್, ಓಯಸಿಸ್, ಸೆಕ್ಸ್ ಪಿಸ್ಟಲ್ಸ್ ಮಾತ್ರ. ಬೀಟಲ್ಸ್ ಕೆಳಗೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ. ನನಗೆ ಈ ಆಲ್ಬಂ ತುಂಬ ಇಷ್ಟ. ಆದರೂ ಹಾಡನ್ನು ನಾಲ್ಕು ಸಲ ಕೇಳುವ ವ್ಯವಧಾನವೂ ಇಲ್ಲದೆ ಕೊಟ್ಟ ಆ ಐದನೆಯ ಸ್ಥಾನ ಆಲ್ಬಂಗೆ ಉಪಕಾರ ಮಾಡಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಆಮೇಲೆ ಬರೆದವರೆಲ್ಲರೂ ಹಾಡಿನ ಜೊತೆಗೆ ಅಲ್ಲ, ಆ ಪಟ್ಟಿಯ ಜೊತೆಗೆ ವಾದಕ್ಕೆ ಇಳಿದರು. ಇಷ್ಟು ಹೊಗಳಿಕೆಗೆ ಇದು ಅರ್ಹವೇ, ಅಲ್ಲವೇ ಎಂಬುದೇ ಪ್ರಶ್ನೆಯಾಯಿತು. ಆ ಪ್ರಶ್ನೆಗೆ ಉತ್ತರ ಕೊಡಲು ಹಾಡು ಕೇಳುವ ಅಗತ್ಯವೇ ಇಲ್ಲ.

ಪಟ್ಟಿಯದು ಒಂದು ಕಥೆಯಾದರೆ, ಎರಡನೆಯ ಕಥೆ ಇಂಟರ್ನೆಟ್ಟಿನದು. ಇದು ಇಂಟರ್ನೆಟ್ ಹುಟ್ಟಿಸಿದ ಬ್ಯಾಂಡು, ಮೈಸ್ಪೇಸ್ ಎಂಬ ಆಗಿನ ಸಾಮಾಜಿಕ ಜಾಲತಾಣ ಹುಟ್ಟಿಸಿದ ಬ್ಯಾಂಡು ಎಂದು ಪತ್ರಿಕೆಗಳು ಬರೆದವು. ನಡೆದದ್ದು ಅದಕ್ಕಿಂತ ಸರಳ. 2003ರ ಜೂನ್ ತಿಂಗಳಲ್ಲಿ ಶೆಫೀಲ್ಡಿನ ಒಂದು ಪಬ್ಬಿನಲ್ಲಿ ಮೊದಲ ಕಛೇರಿ ಮಾಡಿದ ಹುಡುಗರು, ಅಲ್ಲಿಂದಾಚೆ ತಮ್ಮ ಡೆಮೊಗಳನ್ನು, ಅಂದರೆ ಹಾಡುಗಳ ಕಚ್ಚಾ ಧ್ವನಿಮುದ್ರಣಗಳನ್ನು, ಸಿ.ಡಿ.ಗೆ ಇಳಿಸಿ ಬಂದವರಿಗೆ ಪುಕ್ಕಟೆ ಹಂಚುತ್ತಿದ್ದರು. ಸಿ.ಡಿ. ಸಿಗದವರಿಗಾಗಿ ಸಿಕ್ಕವರು ಅವನ್ನು ನೆಟ್ಟಿಗೆ ಏರಿಸಿದರು. ಮೈಸ್ಪೇಸ್ ಪುಟವನ್ನೂ ನಡೆಸುತ್ತಿದ್ದವರು ಅಭಿಮಾನಿಗಳೇ ಹೊರತು ಬ್ಯಾಂಡಿನವರಲ್ಲ. ಹೀಗೆ ಕೈಯಿಂದ ಕೈಗೆ ಹೋದ ಡೆಮೊಗಳ ಗುಂಪಿಗೆ ‘ಬಿನೀತ್ ದ ಬೋರ್ಡ್‌ವಾಕ್’ ಎಂಬ ಹೆಸರು ಬಿದ್ದದ್ದು ಕೂಡ ಬೋರ್ಡ್‌ವಾಕ್ ಎಂಬ ಊರಿನ ಸಭಾಂಗಣದಿಂದ. 2005ರ ಅಕ್ಟೋಬರಿನಲ್ಲಿ ಅವರ ಮೊದಲ ಸಿಂಗಲ್ (ಬಿಡಿ ಹಾಡಿನ ಬಿಡುಗಡೆ) ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ನೇರವಾಗಿ ಒಂದನೆಯ ಸ್ಥಾನಕ್ಕೆ ಹೋದಾಗ ಲಂಡನ್ನಿನವರಿಗೆ ಆಶ್ಚರ್ಯವಾಯಿತು, ಶೆಫೀಲ್ಡಿನವರಿಗೆ ಆಗಲಿಲ್ಲ. ಅವರಿಗೆ ಅಷ್ಟರಲ್ಲಿ ಹಾಡುಗಳು ಬಾಯಿಪಾಠವಾಗಿದ್ದವು. ಡೆಮೊಗಳ ಒರಟುತನವೇ ಚೆನ್ನಾಗಿತ್ತು, ಜಿಮ್ ಆ್ಯಬಿಸ್ ನಿರ್ಮಾಣದಲ್ಲಿ ಲಿಂಕನ್‌ಶೈರಿನ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ ಮೇಲೆ ಅದು ಹೋಯಿತು ಎಂದು ಗೊಣಗಿದವರೂ ಇದ್ದರು. ನನ್ನ ಮಟ್ಟಿಗೆ ಇಡೀ ಗಲಾಟೆಯಲ್ಲಿ ಹಾಡನ್ನು ಕೇಳಿ ಆಡಿದ ಮಾತೆಂದರೆ ಆ ಗೊಣಗಾಟವೊಂದೇ.

ನಮ್ಮ ಬೆಳಗಾವಿಗೆ ಆ ಆಲ್ಬಂ ಬಂದದ್ದು ಅಂಗಡಿಯ ಮೂಲಕ ಅಲ್ಲ. ಆಗ ಖಡೇಬಜಾರಿನ ಕ್ಯಾಸೆಟ್ ಅಂಗಡಿಗಳಲ್ಲಿ ಇಂಗ್ಲಿಷ್ ಎಂದರೆ ಮೈಕಲ್ ಜಾಕ್ಸನ್, ಬ್ಯಾಕ್‌ಸ್ಟ್ರೀಟ್ ಬಾಯ್ಸ್, ಬಹಳವಾದರೆ ಮೆಟಾಲಿಕಾ. ಅಲಹಾಬಾದಿನಲ್ಲಿ ಶುರುವಾದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಹಾಸ್ಟೆಲ್ಲಿಗೆ ಯಾರಾದರೂ ಪುಣೆಯಿಂದಲೋ ಬೆಂಗಳೂರಿನಿಂದಲೋ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್ಲುಗಳಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿದಾಡುತ್ತಿದ್ದ ಎಂಪಿ3 ಫೋಲ್ಡರುಗಳೇ ನಮ್ಮ ಸಂಗೀತದ ಅಂಗಡಿಯಾಗಿದ್ದವು. ಶೆಫೀಲ್ಡಿನ ಹುಡುಗರ ಹಾಡು ಊರು ದಾಟಿದ ರೀತಿಯಲ್ಲೇ ತಿಳಕವಾಡಿಗೂ ಉದ್ಯಮಬಾಗಿಗೂ ಬಂತು ಎನ್ನುವುದರಲ್ಲಿ ನನಗೆ ಈಗಲೂ ಒಂದು ಸಣ್ಣ ಖುಷಿಯಿದೆ.

ಆಗಿನ ಕಾಲೇಜು ಫೆಸ್ಟುಗಳ ಬ್ಯಾಂಡುಗಳನ್ನು ನೋಡಿದವರಿಗೆ ಈ ಆಲ್ಬಂನ ‘ಫೇಕ್ ಟೇಲ್ಸ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ’ ಎಂಬ ಹಾಡು ಎಲ್ಲಿ ಚುಚ್ಚುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಶೆಫೀಲ್ಡಿನ ಪಬ್ಬೊಂದರಲ್ಲಿ ಒಬ್ಬ ಹಾಡುಗಾರ ಅಮೆರಿಕದವನ ಹಾಗೆ ಉಚ್ಚಾರ ಮಾಡುತ್ತ, ತಾನು ನೋಡದ ಸ್ಯಾನ್ ಫ್ರಾನ್ಸಿಸ್ಕೊದ ಕಥೆ ಕಟ್ಟುತ್ತಿದ್ದಾನೆ. ಕೆಳಗೆ ನಿಂತವರು, ಅಪ್ಪಾ, ನೀನು ನ್ಯೂಯಾರ್ಕಿನವನಲ್ಲ, ಪಕ್ಕದ ರಾಥರ್‌ಹ್ಯಾಮಿನವನು ಎಂದು ಅವನನ್ನು ನೆಲಕ್ಕಿಳಿಸುತ್ತಾರೆ. ನಮ್ಮ ವೇದಿಕೆಯ ಮೇಲೂ ಗೋಕಾಕಿನ, ಬೈಲಹೊಂಗಲದ ಹುಡುಗರು ಮೂಗಿನಲ್ಲಿ ಇಂಗ್ಲಿಷ್ ಹಾಡುತ್ತಿದ್ದರು. ಪಾಪ, ತಪ್ಪೇನಿಲ್ಲ. ರಾಕ್ ಎಂದರೆ ಆ ದನಿಯಲ್ಲೇ ಹಾಡಬೇಕೆಂದು ಎಲ್ಲರೂ ನಂಬಿದ್ದ ಕಾಲ. ಆದರೆ ಟರ್ನರ್ ಹಾಡುತ್ತಿದ್ದದ್ದು ತನ್ನ ಹೈ ಗ್ರೀನ್ ಬಡಾವಣೆಯಲ್ಲಿ ಹಾಲು ತರಲು ಹೋದಾಗ ಆಡುವ ಮಾತಿನಲ್ಲಿ. ಟ್ಯಾಕ್ಸಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬ ಜಗಳ, ನೈಟ್‌ಕ್ಲಬ್ಬಿನ ಬಾಗಿಲಲ್ಲಿ ತಡೆಯುವ ಬೌನ್ಸರು, ಪೊಲೀಸ್ ವ್ಯಾನಿನ ಮುಂದೆ ಕೆಣಕಿ ಓಡುವ ಪೋರರು, ಮುನಿಸಿಕೊಂಡ ಗೆಳತಿ, ತಾಲೀಮು ಕೋಣೆಯಿದ್ದ ನೀಪ್‌ಸೆಂಡ್ ಓಣಿಯಲ್ಲಿ ರಾತ್ರಿ ನಿಲ್ಲುವ ಹೆಣ್ಣುಮಕ್ಕಳು: ಆಲ್ಬಂನ ಸರಕೆಲ್ಲ ಇಷ್ಟೇ. ಹೆಚ್ಚುಕಡಿಮೆ ಒಂದು ಶನಿವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ನಡೆಯಬಹುದಾದಷ್ಟು.

ಇಲ್ಲಿಂದಲೇ ವಿಮರ್ಶಕರ ಮೂರನೆಯ ಕಥೆ ಹುಟ್ಟಿತು. ನನ್ನ ತಕರಾರು ಇರುವುದೂ ಇದರ ಮೇಲೆಯೇ. ಆಡುಮಾತು, ಸಾಚಾತನ, ಕಾರ್ಮಿಕರ ಊರಿನ ಕಸುವು ಎಂದೆಲ್ಲ ಬರೆದರು. ಉಕ್ಕಿನ ಕಾರ್ಖಾನೆಗಳು ಮುಚ್ಚಿಹೋದ ಉತ್ತರದ ಊರಿನಿಂದ ಬಂದ ನಾಲ್ವರು ಹುಡುಗರು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಾರೆ ಎಂದರು. ಹೊಗಳಿಕೆಯೇನೋ ಹೌದು. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳಲು ಜಾಣ್ಮೆ ಬೇಕಿಲ್ಲ, ಆ ಊರಿನಲ್ಲಿ ಹುಟ್ಟಿದ್ದರೆ ಸಾಕು ಎಂಬ ಧ್ವನಿ ಅದರೊಳಗೆ ಸೇರಿಕೊಂಡಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದ ಬರಹಗಾರರಿಗೆ, ನಟರಿಗೆ, ಹಾಡುಗಾರರಿಗೆ ಈ ಹೊಗಳಿಕೆ ಹೊಸದಲ್ಲ. ನಮ್ಮ ಕಡೆಯವರು ಏನು ಮಾಡಿದರೂ ಮಣ್ಣಿನ ಸೊಗಡು, ಜವಾರಿ ಗತ್ತು ಎಂದು ಒಂದು ಶಾಲು ಹೊದಿಸಿ ಕಳಿಸಿಬಿಡುತ್ತಾರೆ. ಶಾಲು ಹೊದಿಸಿದ ಮೇಲೆ ಕಸುಬಿನ ಬಗ್ಗೆ ಕೇಳುವವರಿಲ್ಲ. ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು, ಈ ಸಾಲು ಇಲ್ಲೇ ಏಕೆ ನಿಂತಿತು ಎಂದು ವಿಚಾರಿಸುವುದು ರಾಜಧಾನಿಯವರು ಬರೆದಾಗ ಮಾತ್ರ.

ಟರ್ನರ್ ಮಾಡಿದ್ದು ಕಂಡದ್ದನ್ನು ಕಂಡ ಹಾಗೆ ಹೇಳಿದ ಕೆಲಸವಲ್ಲ. ಬೋರ್ಡ್‌ವಾಕ್‌ನಲ್ಲಿ ಬಾರ್ ಕೆಲಸ ಮಾಡುತ್ತಿದ್ದಾಗ ಅವನು ಸಾಲ್ಫರ್ಡಿನ ಜಾನ್ ಕೂಪರ್ ಕ್ಲಾರ್ಕ್ ಎಂಬ ಪಂಕ್ ಕವಿಯನ್ನು ಕೇಳಿದ್ದ. ಒಂದೇ ಉಸಿರಿನಲ್ಲಿ ಪ್ರಾಸದ ಮೇಲೆ ಪ್ರಾಸ ಒಟ್ಟುತ್ತ, ನಗಿಸುತ್ತ ಕೊನೆಗೆ ಕುಟುಕುವ ಆ ಕವಿಯ ರೀತಿ ಈ ಹಾಡುಗಳಲ್ಲಿ ಅಲ್ಲಲ್ಲಿ ಕೇಳುತ್ತದೆ. ರೂಟ್ಸ್ ಮನುವಾನಂಥ ಬ್ರಿಟಿಷ್ ರ‍್ಯಾಪ್ ಹಾಡುಗಾರರನ್ನು ಈ ಹುಡುಗರು ಗಿಟಾರು ಹಿಡಿಯುವ ಮೊದಲಿನಿಂದ ಕೇಳುತ್ತಿದ್ದರು. ರಾಕ್ ಹಾಡಿನ ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಹಿಡಿಸುವುದಕ್ಕಿಂತ ಬಹಳ ಹೆಚ್ಚು ಮಾತನ್ನು ಟರ್ನರ್ ತುರುಕುತ್ತಾನೆ. ಮಾತು ತಾಳದಿಂದ ಹೊರಕ್ಕೆ ಚೆಲ್ಲಿಹೋಗುತ್ತದೆ ಎನ್ನುವಾಗ ಕೊನೆಯ ಪದ ಸರಿಯಾಗಿ ಪೆಟ್ಟಿನ ಮೇಲೆ ಬಂದು ಕೂರುತ್ತದೆ. ಮಾತು ಆಡುಮಾತೇ. ಅದನ್ನು ಜೋಡಿಸಿದ ಲೆಕ್ಕ ಮಾತ್ರ ಓಣಿಯಲ್ಲಿ ಸಿಗುವಂಥದ್ದಲ್ಲ.

ಇದನ್ನು ನನಗೆ ಕಿವಿ ಹಿಂಡಿ ತೋರಿಸಿದವನು ಉದ್ಯಮಬಾಗಿನಲ್ಲಿ ಎರಡು ಲೇತ್ ಇಟ್ಟುಕೊಂಡು ಪಂಪಿನ ಬಿಡಿಭಾಗ ಮಾಡುವ ಒಬ್ಬ ಗೆಳೆಯ. ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಅವನು ತಾಷಾ ಬಡಿಯುತ್ತಾನೆ. ಇಂಗ್ಲಿಷ್ ಹಾಡಿನ ಮಾತು ಅವನಿಗೆ ಬೇಕಾಗಿಯೂ ಇಲ್ಲ. ಆಲ್ಬಂನ ಮೊದಲ ಹಾಡು ‘ದ ವ್ಯೂ ಫ್ರಮ್ ದಿ ಆಫ್ಟರ್‌ನೂನ್’ ಹಾಕಿದಾಗ, ಹೆಲ್ಡರ್ಸ್ ಎತ್ತಿಕೊಂಡ ಆ ಒಂದೇ ಸಮನೆಯ ಸುರಿಮಳೆಗೆ ಅವನು ಎಣ್ಣೆಗೈಯನ್ನು ಅರಿವೆಗೆ ಒರೆಸಿಕೊಂಡು, ಹಲಗೆಯ ಮೇಲೆ ಎರಡು ಬೆರಳಿನಿಂದ ಹಿಂಬಾಲಿಸತೊಡಗಿದ. ಸ್ವಲ್ಪ ಹೊತ್ತಿನಲ್ಲೇ ಬೆರಳು ತಪ್ಪಿತು. ಮತ್ತೆ ಮೊದಲಿನಿಂದ ಹಾಕಿಸಿದ. “ಇಂವಾ ಬರೇ ಬಡಿಯಾಕತ್ತಿಲ್ಲಲೇ, ಮಾತಾಡಾಕತ್ತಾನ. ಹಾಡಾವಂದು ಎಲ್ಲಿ ಮುಗಿತೈತಿ, ಅಲ್ಲೇ ಇವಂದು ಚಾಲೂ ಆಗ್ತೈತಿ ನೋಡು,” ಅಂದ. ಕೇಳಿ ನೋಡಿದರೆ ಅಕ್ಷರಶಃ ನಿಜ. ಹಾಡುವವನ ಸಾಲು ಮುಗಿಯುವ ಜಾಗದಲ್ಲಿ ಡ್ರಮ್ಸು ಒಂದು ಚೂರು ಜಾಗ ಹಿಡಿಯುತ್ತದೆ, ಇನ್ನೊಂದು ಸಾಲು ಬರುತ್ತಲೇ ಬಿಟ್ಟುಕೊಡುತ್ತದೆ. ಇಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟುತ್ತ ಓಡುತ್ತಾರೆ. ಈ ಹೆಲ್ಡರ್ಸ್ ಡ್ರಮ್ಸಿಗೆ ಕೂತದ್ದು ಉಳಿದವರ ಕೈಯಲ್ಲಿ ಆಗಲೇ ಗಿಟಾರಿದ್ದವು, ಉಳಿದ ವಾದ್ಯ ಅದೊಂದೇ ಎಂಬ ಕಾರಣಕ್ಕೆ. ಆ ಹಾಡಿನ ವಿಡಿಯೋದಲ್ಲಿ ಬ್ಯಾಂಡಿನವರನ್ನು ಮುಂದೆ ತರದೆ, ಬಹುಮಹಡಿ ಕಟ್ಟಡಗಳ ನಡುವಿನ ಬಯಲಿನಲ್ಲಿ ಒಬ್ಬನೇ ಡ್ರಮ್ಮರ್ ಕೂತು ನುಡಿಸುವುದನ್ನು ತೋರಿಸಿದ್ದಾರೆ. ಯಾರೋ ತಿಳಿದವರು ಮಾಡಿದ ಕೆಲಸ.

ಆಲ್ಬಂನ ಕೊನೆಯ ಹಾಡು ‘ಎ ಸರ್ಟನ್ ರೊಮಾನ್ಸ್’. ಐದೂವರೆ ನಿಮಿಷದ ಈ ಹಾಡನ್ನು ಬಹುಪಾಲು ವಿಮರ್ಶಕರೂ ಆಲ್ಬಂನ ಅತ್ಯುತ್ತಮ ಹಾಡು ಎಂದೇ ಗುರುತಿಸಿದರು. ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಶುರುವಿಗೆ ಡ್ರಮ್ಸು ಮತ್ತು ಗಿಟಾರುಗಳು ಜಗಳಕ್ಕೆ ಬಿದ್ದಂತೆ ಅಬ್ಬರಿಸಿ, ಹಠಾತ್ತನೆ ತಣ್ಣಗಾಗಿ, ಜಮೈಕಾದ ರೆಗ್ಗೆ ಸಂಗೀತದ ಹಾಗೆ ಎತ್ತಿ ಎತ್ತಿ ಇಡುವ ಲಯಕ್ಕೆ ಇಳಿಯುತ್ತವೆ. ಆಮೇಲೆ ಟರ್ನರ್ ತನ್ನ ಊರಿನ ಪಡ್ಡೆ ಹುಡುಗರನ್ನು ವರ್ಣಿಸತೊಡಗುತ್ತಾನೆ. ಪ್ಯಾಂಟಿನ ತುದಿಯನ್ನು ಕಾಲುಚೀಲಕ್ಕೆ ಸಿಕ್ಕಿಸಿಕೊಂಡವರು, ಸಂಗೀತವೆಂದರೆ ಮೊಬೈಲಿನ ರಿಂಗ್‌ಟೋನ್ ಎಂದುಕೊಂಡವರು, ಕೈಯಲ್ಲಿ ಪೂಲ್ ಆಟದ ಕೋಲು ಹಿಡಿದು ಹೊಡೆದಾಟಕ್ಕೆ ನಿಂತವರು. ತುಸು ಹೊತ್ತು ಇದು ಗಿಟಾರು ಕಲಿತ ಜಾಣ ಹುಡುಗನೊಬ್ಬ ಕಲಿಯದವರನ್ನು ಹೀಯಾಳಿಸುವ ಹಾಡು ಎನ್ನಿಸುತ್ತದೆ. ಬೇರೆ ಯಾರಾದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ಟರ್ನರ್ ನಿಲ್ಲಿಸುವುದಿಲ್ಲ. ಅಲ್ಲೊಬ್ಬ ಇದ್ದಾನಲ್ಲ, ಅವನು ನನ್ನ ಗೆಳೆಯ, ಅವನು ಗಡಿ ದಾಟಿದರೂ ಅವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ ಎನ್ನುವ ಅರ್ಥದ ಮಾತಿಗೆ ಹಾಡು ಹೊರಳುತ್ತದೆ. ಹೊರಳುವಾಗ ರಾಗ ಬದಲಾಗುವುದಿಲ್ಲ, ದನಿ ಏರುವುದಿಲ್ಲ, ಕಣ್ಣೀರು ತರಿಸುವ ಪಿಯಾನೋ ಬರುವುದಿಲ್ಲ. ಹಿಂದಿನ ಸಾಲುಗಳ ಹೀಯಾಳಿಕೆ ಸುಳ್ಳೂ ಆಗುವುದಿಲ್ಲ. ಎರಡೂ ಒಟ್ಟಿಗೆ ಉಳಿಯುತ್ತವೆ. ಅಲ್ಲಿಗೆ ಮಾತು ನಿಂತು, ಗಿಟಾರುಗಳೇ ಬಹಳ ಹೊತ್ತು ಏರಿ ಹೋಗುತ್ತವೆ. ಇಪ್ಪತ್ತು ವರ್ಷದ ಒಳಗೆ ಈ ಹಾಡು ಬರೆದವನನ್ನು ಕಂಡದ್ದನ್ನು ಕಂಡ ಹಾಗೆ ಹೇಳುವವನು ಎಂದು ಕರೆದರೆ ಕೇಳಿಸಿಕೊಂಡವರ ಕಿವಿಯದೇ ದೋಷ.

ಅಟ್ಲಾಂಟಿಕ್ಕಿನ ಆಚೆ ಲೆಕ್ಕ ಬೇರೆಯಿತ್ತು. ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 24ನೆಯ ಸ್ಥಾನದಿಂದ ಆರಂಭಿಸಿತು. ಇಂಡಿ ಸಂಗೀತದ ಮಟ್ಟಿಗೆ ಆಗ ಸುಪ್ರೀಂ ಕೋರ್ಟಿನಂತಿದ್ದ ಅಮೆರಿಕದ ವೆಬ್ ಪತ್ರಿಕೆ ಪಿಚ್‌ಫೋರ್ಕ್ ಹತ್ತಕ್ಕೆ 7.4 ಕೊಟ್ಟಿತು. ಕೆಟ್ಟ ಅಂಕವೇನಲ್ಲ, ಆದರೆ ಎರಡು ವರ್ಷದ ಹಿಂದೆ ಮಾಂಟ್ರಿಯಲ್ಲಿನ ಆರ್ಕೇಡ್ ಫೈರ್ ಬ್ಯಾಂಡಿನ ಮೊದಲ ಆಲ್ಬಂಗೆ ಅದೇ ಪಿಚ್‌ಫೋರ್ಕ್ 9.7 ಕೊಟ್ಟು, ಮರ್ಜ್ ಎಂಬ ಸಣ್ಣ ಕಂಪನಿಯ ಆ ಆಲ್ಬಂ ಎಲ್ಲೆಡೆ ಮಾತಾಗಲು ದೊಡ್ಡ ಕಾರಣವಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡು ನೋಡಬೇಕು. ಕುಟುಂಬದವರ ಸಾವುಗಳ ನಡುವೆ ದಾಖಲಿಸಿದ, ‘ಫ್ಯೂನರಲ್’ ಎಂದೇ ಹೆಸರಿಟ್ಟ ಆಲ್ಬಂ ಅದು. ಅದರ ದುಃಖ ಯಾವ ಊರಿನವರಿಗೂ ತಲುಪುವಂಥದ್ದು. ಶೆಫೀಲ್ಡಿನ ಟ್ಯಾಕ್ಸಿ ಜಗಳ ಅಮೆರಿಕದವರಿಗೆ ಅಷ್ಟು ಸುಲಭವಾಗಿ ತಲುಪುವುದಿಲ್ಲ ಎಂಬ ಅನುಮಾನ ಅಲ್ಲಿನ ಬರಹಗಳಲ್ಲಿ ಇಣುಕುತ್ತಿತ್ತು. ಬೆಳಗಾವಿಯಲ್ಲಿ ಕೂತವನಿಗೆ ಆ ಅನುಮಾನ ವಿಚಿತ್ರವಾಗಿ ಕಾಣುತ್ತದೆ. ಶೆಫೀಲ್ಡು ನಾನು ನೋಡದ ಊರು. ನ್ಯೂಯಾರ್ಕೂ ನೋಡಿಲ್ಲ. ಎರಡೂ ನನಗೆ ಅಷ್ಟೇ ದೂರ. ನ್ಯೂಯಾರ್ಕಿನ ಹಾಡು ಲೋಕದ ಹಾಡು, ಶೆಫೀಲ್ಡಿನದು ಸ್ಥಳೀಯ ಎಂಬ ಹಂಚಿಕೆಯನ್ನು ನಾನೇಕೆ ಒಪ್ಪಬೇಕು?

ಪ್ರಶಸ್ತಿಗಳು ಬಂದವು. 2006ರ ಸೆಪ್ಟೆಂಬರಿನಲ್ಲಿ, ವರ್ಷದ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಘೋಷಣೆಯಾದಾಗ ಟರ್ನರ್ ವೇದಿಕೆಯ ಮೇಲೆ, ಯಾರಾದರೂ ಪೊಲೀಸರಿಗೆ ಫೋನು ಮಾಡಿ, ರಿಚರ್ಡ್ ಹಾಲಿಯನ್ನು ದೋಚಿದ್ದಾರೆ ಎಂದ. ಹಾಲಿ ಅದೇ ಶೆಫೀಲ್ಡಿನ ಹಿರಿಯ ಹಾಡುಗಾರ, ಆ ವರ್ಷದ ಸ್ಪರ್ಧೆಯಲ್ಲಿದ್ದವರು. ಮರುವರ್ಷ ಬ್ರಿಟ್ ಪ್ರಶಸ್ತಿಯೂ ಬಂತು, ಗ್ರ್ಯಾಮಿ ನಾಮನಿರ್ದೇಶನವೂ ಆಯಿತು. ಮುಖಪುಟದಲ್ಲಿ ಬ್ಯಾಂಡಿನ ಗೆಳೆಯನೊಬ್ಬ ಸಿಗರೇಟು ಸೇದುತ್ತಿರುವ ಚಿತ್ರವಿದ್ದದ್ದಕ್ಕೆ ಸ್ಕಾಟ್ಲೆಂಡಿನ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಆಕ್ಷೇಪವೆತ್ತಿದ್ದೂ ಸ್ವಲ್ಪ ದಿನ ಸುದ್ದಿಯಾಯಿತು. ಹೊಗಳಿಕೆಯ ಭಾರಕ್ಕೆ ಹುಡುಗರು ಕೊಟ್ಟ ಉತ್ತರ ಏಪ್ರಿಲ್‌ನಲ್ಲೇ ಹೊರಬಂದಿತ್ತು: ಈ ಆರ್ಕ್‌ಟಿಕ್ ಮಂಕೀಸ್ ಯಾವ ಊರ ದಾಸಯ್ಯ ಎಂದು ಬೈಗುಳದ ಸಮೇತ ಕೇಳುವ ಹೆಸರಿನ ಐದು ಹಾಡುಗಳ ಇಪಿ, ಅಂದರೆ ಕಿರು ಆಲ್ಬಂ. ಅದೇ ವರ್ಷ ನಿಕಲ್ಸನ್ ಬ್ಯಾಂಡು ಬಿಟ್ಟರು, ನಿಕ್ ಓಮ್ಯಾಲಿ ಬಂದರು.

ಸಾಚಾತನದ ಹೊಗಳಿಕೆ ಎಷ್ಟು ದುಬಾರಿ ಎಂಬುದು ಆಮೇಲೆ ಗೊತ್ತಾಯಿತು. ಟರ್ನರ್ ಲಾಸ್ ಏಂಜಲೀಸಿನಲ್ಲಿ ಮನೆ ಮಾಡಿದ, ಕೂದಲನ್ನು ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ, ಉಚ್ಚಾರ ಹದವಾಗಿ ತಿರುಗಿತು. 2013ರ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವನ ಮಾತು ಕೇಳಿದವರು, ಇವನು ಅಮೆರಿಕದವನ ಹಾಗೆ ಮಾತಾಡುತ್ತಿದ್ದಾನೆ ಎಂದು ಮೂಗು ಮುರಿದರು. ಅವನ ಹಳೆಯ ಹಾಡಿನ ಸ್ಯಾನ್ ಫ್ರಾನ್ಸಿಸ್ಕೊವನ್ನೇ ಅವನ ಮುಖಕ್ಕೆ ಹಿಡಿದರು. ಒಬ್ಬನನ್ನು ಅವನ ಊರಿಗಾಗಿ ಮೆಚ್ಚಿದವರು ಅವನು ಊರು ಬಿಟ್ಟೊಡನೆ ಮೋಸವಾಯಿತೆಂದು ಕೂಗುತ್ತಾರೆ. ಅವನ ಹೆಣಿಗೆಯನ್ನು ಮೆಚ್ಚಿದ್ದವರಿಗೆ ಕೂಗುವ ಕಾರಣವಿರಲಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ, 2018ರ ಆಲ್ಬಂನ ಮೊದಲ ಸಾಲಿನಲ್ಲೇ ಅವನು, ನನಗೆ ಸ್ಟ್ರೋಕ್ಸ್‌ನವರಲ್ಲಿ ಒಬ್ಬನಾಗಬೇಕೆಂದು ಆಸೆಯಿತ್ತು ಅಷ್ಟೇ ಎಂದು ಒಪ್ಪಿಕೊಳ್ಳುತ್ತಾನೆ. ಸ್ಟ್ರೋಕ್ಸ್ ಎಂದರೆ 2001ರಲ್ಲಿ ತಮ್ಮ ಮೊದಲ ಆಲ್ಬಂನಿಂದ ಇದೇ ರೀತಿಯ ಗದ್ದಲವೆಬ್ಬಿಸಿದ, ಅಪ್ಪಟ ನ್ಯೂಯಾರ್ಕಿನ ಬ್ಯಾಂಡು. ರಾಥರ್‌ಹ್ಯಾಮಿನವನೇ, ನೀನು ನ್ಯೂಯಾರ್ಕಿನವನಲ್ಲ ಎಂದು ಹಾಡಿದ ಹುಡುಗನೊಳಗೂ ನ್ಯೂಯಾರ್ಕಿನ ಆಸೆ ಇತ್ತು. ಆಸೆ ಇದ್ದೂ ಹೈ ಗ್ರೀನಿನ ಮಾತಿನಲ್ಲಿ ಹಾಡಿದ್ದು ಬೇರೆ ಮಾತು ಬಾರದ ಮುಗ್ಧತೆಯಿಂದಲ್ಲ. ಅವನು ಆರಿಸಿಕೊಂಡು ಮಾಡಿದ ಕೆಲಸ ಅದು.

ನಮ್ಮ ನಾಡಿನ ಹಳೆಯ ಕೇಳುಗರು ಈ ವಿಷಯದಲ್ಲಿ ಲಂಡನ್ನಿನ ಪತ್ರಿಕೆಗಳಿಗಿಂತ ಖಡಕ್ಕಾಗಿದ್ದರು. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯದಿಂದ ದೇವಾಸಿನಲ್ಲಿ ಮಲಗಿದ್ದಾಗ ಮಾಳವದ ಜನಪದ ಧಾಟಿಗಳನ್ನು ಕೇಳಿ, ಅವುಗಳಿಂದ ಹೊಸ ರಾಗಗಳನ್ನು ಕಟ್ಟಿದರು. ಸಂಪ್ರದಾಯಸ್ಥರು ಅದನ್ನು ಮಣ್ಣಿನ ಸೊಗಡೆಂದು ಬೆನ್ನು ತಟ್ಟಿ ಬಿಡಲಿಲ್ಲ. ಇದು ರಾಗವೇ, ಅಲ್ಲವೇ ಎಂದು ಜಗಳಕ್ಕೆ ನಿಂತರು. ಜಗಳವಾಡಿದವರು ತಪ್ಪಿದ್ದರೂ ಇರಬಹುದು, ಆದರೆ ಅವರು ಸ್ವರ ಕೇಳಿ ಜಗಳವಾಡಿದರು. ವಿಜಯಪುರ, ಬಾಗಲಕೋಟೆಯ ಜಾತ್ರೆಗಳ ಹರದೇಶಿ, ನಾಗೇಶಿ ಹಾಡಿಕೆಯಲ್ಲೂ ಹಾಗೆಯೇ. ಎದುರಿನ ಮೇಳದ ಸವಾಲಿಗೆ ಜವಾಬು ಹೇಳಲು ತಡವರಿಸಿದರೆ, ನೀನು ಯಾವ ಊರಿನವನೆಂದು ಯಾರೂ ರಿಯಾಯಿತಿ ಕೊಡುವುದಿಲ್ಲ. ಬೆಳಗಾಗುವ ತನಕ ಕೂತ ಜನಕ್ಕೆ ಮಾತಿನ ಬಿಗಿ ಗೊತ್ತು, ಡಪ್ಪಿನ ಪೆಟ್ಟು ತಪ್ಪಿದ್ದೂ ಗೊತ್ತು.

ಇಷ್ಟೆಲ್ಲ ಈಗ ತಲೆಯಲ್ಲಿ ಓಡಲು ಕಾರಣ, ಈ ಊರಿನದೇ ಒಂದು ಬ್ಯಾಂಡಿನ ಹುಡುಗರು ತಮ್ಮ ಮೊದಲ ಆಲ್ಬಂ ತಯಾರಿಸಿ, ಬಿಡುಗಡೆಗೆ ಮುನ್ನ ನನಗೆ ಕೇಳಲು ಕೊಟ್ಟಿದ್ದಾರೆ. ಹೊರಗೆ ಬರುವ ತನಕ ಅವರ ಹೆಸರು ಹೇಳುವುದು ಸರಿಯಲ್ಲ. ಹಾಡುಗಳು ನಮ್ಮ ಓಣಿಯ ಕನ್ನಡದಲ್ಲಿವೆ, ನಡುವೆ ಗಣಪತಗಲ್ಲಿಯಲ್ಲಿ ಕೇಳಿಸುವ ಹಾಗೆಯೇ ಮರಾಠಿ ಮಾತು ಬಂದು ಹೋಗುತ್ತದೆ. ನಾಲ್ಕು ತಿಂಗಳ ಮಳೆ ಇದೆ, ರೈಲ್ವೆ ಗೇಟಿನಲ್ಲಿ ಬೈಕಿನ ಮೇಲೆ ಕೂತು ಕಾಯುವ ಬೇಸರವಿದೆ, ಪುಣೆಗೆ ಕೆಲಸಕ್ಕೆ ಹೋದ ಗೆಳೆಯನ ಮೇಲಿನ ಹೊಟ್ಟೆಕಿಚ್ಚಿದೆ. “ಸರ, ನಾಕ್ ಮಾತು ಚೊಲೋ ಬರೀರಿ, ಬೆಳಗಾಂವಿ ಫೀಲ್ ಐತಿ ಅಂತ ಹಾಕ್ರಿ, ಅದು ಓಡ್ತೈತ್ರಿ,” ಎಂದು ಹಾಡುವ ಹುಡುಗ ಕೇಳಿಕೊಂಡ. ಓಡುತ್ತದೆ ಎನ್ನುವುದು ನನಗೂ ಗೊತ್ತು. ಬೆಂಗಳೂರಿನ ಯಾವ ಪತ್ರಿಕೆಯವರಾದರೂ ಬರೆದರೆ ಅದನ್ನೇ ಬರೆಯುತ್ತಾರೆ, ನನ್ನ ಅಗತ್ಯವಿಲ್ಲ.

ಹಾಗಾಗಿ ನಾನು ಬರೆದು ಕೊಟ್ಟ ಟಿಪ್ಪಣಿಯಲ್ಲಿ ಬೆಳಗಾವಿಯ ಹೆಸರೇ ಬರಲಿಲ್ಲ. ಎರಡನೆಯ ಹಾಡಿನ ಪಲ್ಲವಿ ಪ್ರಾಸಕ್ಕಾಗಿ ಒಂದು ಸಾಲು ಉದ್ದವಾಗಿದೆ, ಕತ್ತರಿಸಬಹುದು ಎಂದಿದ್ದೆ. ಹೊಟ್ಟೆಕಿಚ್ಚಿನ ಹಾಡು ಅವರ ಅತ್ಯುತ್ತಮ ಹಾಡು, ಅದನ್ನು ಏಳನೆಯದಾಗಿ ಹೂತಿಡದೆ ಕೊನೆಗೆ ಇಡಿ, ಅದರ ಕೊನೆಯಲ್ಲಿ ಗೆಳೆಯನನ್ನು ಕ್ಷಮಿಸುವ ಸಾಲನ್ನು ತೆಗೆಯಿರಿ, ಹಾಡು ಅಷ್ಟರಲ್ಲಿ ಕ್ಷಮಿಸಿ ಆಗಿದೆ ಎಂದಿದ್ದೆ. ಮಳೆಯ ಹಾಡಿನ ಎರಡನೆಯ ಚರಣದಲ್ಲಿ ಬೇಸ್ ಗಿಟಾರು ಒಂದು ದಾರಿ, ಡ್ರಮ್ಸಿನ ಕಾಲ್ಪೆಟ್ಟು ಇನ್ನೊಂದು ದಾರಿ ಹಿಡಿದಿವೆ, ಅದು ಬೇಕೆಂದು ಮಾಡಿದ್ದಾದರೆ ಇನ್ನಷ್ಟು ಧೈರ್ಯವಾಗಿ ಮಾಡಿ, ಅಲ್ಲವಾದರೆ ಮತ್ತೆ ನುಡಿಸಿ ಎಂದೂ ಸೇರಿಸಿದ್ದೆ. ಹಾಡುವ ಹುಡುಗನಿಗೆ ಟಿಪ್ಪಣಿ ಓದಿ ಮುಖ ಸಣ್ಣದಾಯಿತು, ಆದರೂ ಪಲ್ಲವಿ ಕತ್ತರಿಸಲು ಒಪ್ಪಿದ. ಹಾಡುಗಳ ಕ್ರಮ ಬದಲಿಸಲು ಯಾರೂ ತಯಾರಿಲ್ಲ. ಕಾಲ್ಪೆಟ್ಟಿನ ಮಾತನ್ನು ಬೇಸ್ ನುಡಿಸುವವನು ಪೂರ್ತಿ ಒಪ್ಪುತ್ತಾನೆ, ಡ್ರಮ್ಮರ್ ಸುತರಾಂ ಒಪ್ಪುವುದಿಲ್ಲ. ಉದ್ಯಮಬಾಗಿನ ಗೆಳೆಯನಿಗೆ ಆ ಹಾಡು ಕೇಳಿಸಿದೆ. ಅವನು ಡ್ರಮ್ಮರ್ ಪರ.